ಮೊದಲು ತೂಗಿ, ಆಮೇಲೆ ಬಿಚ್ಚಿ

ಪ್ರಶ್ನೆ: ನನ್ನ ಮಗಳು 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ. ಕಳೆದ ವರ್ಷ ಅವಳಿಗಾಗಿ ಹಳೆಯದೊಂದು ಮ್ಯಾಚ್ (ಸ್ಪರ್ಧೆಯ) ರೈಫಲ್ ಕೊಂಡೆವು. ಅದರ ಗಾಳಿಯ ಸಿಲಿಂಡರ್ 200 ಮಿ.ಲೀ., ತುಂಬುವ ಒತ್ತಡ 200 ಬಾರ್. ಸಂಜೆ ಕೈಪಂಪಿನಿಂದ 200 ಬಾರ್ ತುಂಬಿ ರೈಫಲ್ಲಿಗೆ ಕೂಡಿಸಿಟ್ಟರೆ ಬೆಳಿಗ್ಗೆ ಗೇಜ್ 185 ತೋರಿಸುತ್ತದೆ. ಆಮೇಲೆ ದಿನಕ್ಕೆ ಸುಮಾರು 5 ಬಾರ್ ಇಳಿಯುತ್ತದೆ. ಅವಳ ಪರೀಕ್ಷೆಯ ಸಮಯದಲ್ಲಿ 13 ದಿನ ಮುಟ್ಟದೆ ಇಟ್ಟು ಪ್ರತಿದಿನ ಬೆಳಿಗ್ಗೆ ಬರೆದುಕೊಂಡೆ. 185ರಿಂದ 120ಕ್ಕೆ ಇಳಿದಿತ್ತು. ಮೊದಲ ವಾರ ಎಷ್ಟೋ ಎರಡನೆಯ ವಾರವೂ ಅಷ್ಟೇ. ಇದರ ಜೊತೆಗೆ, ಊಟದ ಬಿಡುವಿನ ನಂತರ ಅವಳು ಹೊಡೆಯುವ ಮೊದಲ ಗುಂಡು ಸ್ವಲ್ಪ ಮೇಲಕ್ಕೆ ಹೋಗುತ್ತದೆ, ಎರಡು ಮೂರು ಗುಂಡಿಗೆ ಸರಿಹೋಗುತ್ತದೆ. ರೆಗ್ಯುಲೇಟರನ್ನೇ ಪೂರ್ತಿ ಬದಲಿಸಬೇಕು ಎಂದು ಒಬ್ಬ ಮೆಕ್ಯಾನಿಕ್ ಹೇಳಿದ್ದಾರೆ. ಅದು ನಿಜವೇ? ಪಂಪು ಹೊಡೆದು ಸುಸ್ತಾಗಿದೆ. ಊರಿನ ವೆಲ್ಡಿಂಗ್ ಅಂಗಡಿಯವರು ತಮ್ಮ ಸಿಲಿಂಡರಿನಿಂದಲೇ ತುಂಬಿಸಿಕೊಡುತ್ತೇವೆ ಎನ್ನುತ್ತಾರೆ. ತುಂಬಿಸಬಹುದೇ?
ಓದುಗರು, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಬೇಡ. ವೆಲ್ಡಿಂಗ್ ಅಂಗಡಿಯ ಸಿಲಿಂಡರಿನಲ್ಲಿರುವುದು ಗಾಳಿಯಲ್ಲ, ಆಮ್ಲಜನಕ. ಹೆಚ್ಚಿನ ಒತ್ತಡದ ಆಮ್ಲಜನಕ ಒಮ್ಮೆಲೇ ನುಗ್ಗಿ ಅದುಮಿಕೊಂಡಾಗ ಹುಟ್ಟುವ ಬಿಸಿ ಸಾಕು, ಒಳಗಿರುವ ಒಂದು ಹನಿ ಗ್ರೀಸು, ರಬ್ಬರಿನ ಒಂದು ಉಂಗುರ ಹೊತ್ತಿಕೊಳ್ಳಲು. ಆಮೇಲೆ ಲೋಹವೂ ಉರಿಯುತ್ತದೆ. ನಿಮ್ಮ ಮಗಳು ಆ ರೈಫಲ್ಲಿಗೆ ಕೆನ್ನೆ ಒತ್ತಿ ಗುರಿ ಹಿಡಿಯುತ್ತಾಳೆ ಎಂಬುದನ್ನು ನೆನಪಿಡಿ. ಅಂಗಡಿಯವರ ಮನಸ್ಸು ಒಳ್ಳೆಯದೇ ಇರಬಹುದು, ಆದರೂ ಬೇಡ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ವಿಚಾರ ಇನ್ನೂ ಸರಳ. ಅದು 8ರಿಂದ 10 ಬಾರ್ ಮುಟ್ಟಿದರೆ ಹೆಚ್ಚು, ಅದರಿಂದ ನಿಮ್ಮ ಕೆಲಸ ಆಗದು.

ಇನ್ನು ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಹೆಚ್ಚಿನ ಒತ್ತಡವನ್ನು ಇಳಿಸಿ ಪ್ರತಿ ಗುಂಡಿಗೂ ಒಂದೇ ಸಮ ಕೊಡುವ ಭಾಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವ ಗಾದೆ ಈ ಭಾಗದವರಿಗೆ ಹೊಸದಲ್ಲ. ಗಾಳಿ ಸೋರಿದರೂ ರೆಗ್ಯುಲೇಟರ್, ಗುಂಡು ತಪ್ಪಿದರೂ ರೆಗ್ಯುಲೇಟರ್. ಬಹಳ ಜನರಿಗೆ ಒಳಗೇನಿದೆ ಎಂದು ಕಾಣದ ಭಾಗ ಅದೊಂದೇ, ಹಾಗಾಗಿ ದೂರೆಲ್ಲ ಅದರ ತಲೆಗೆ. ನಿಮ್ಮ ರೈಫಲ್ಲಿಗೆ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದು, ಗಾಳಿ ಹೊರಗೆ ಹೋಗುತ್ತಿದೆ. ಇನ್ನೊಂದು, ಗಾಳಿ ಒಳಗೇ ತಾನು ಹೋಗಬಾರದ ಕಡೆಗೆ ನುಸುಳುತ್ತಿದೆ. ಮೊದಲನೆಯದು ಎಲ್ಲಿ ಎಂಬುದಕ್ಕೆ ಅರ್ಧ ಉತ್ತರ ನೀವು ಬರೆದಿಟ್ಟ ಅಂಕಿಗಳಲ್ಲೇ ಇದೆ. ಆ ಚೀಟಿಯನ್ನು ಜೋಪಾನವಾಗಿಡಿ.

ಮೊದಲ ರಾತ್ರಿಯ 15 ಬಾರನ್ನು ನೋಡೋಣ. ಕೈಪಂಪಿನಿಂದ ತುಂಬಿದಾಗ ಸಿಲಿಂಡರ್ ಬಿಸಿಯಾಗುತ್ತದೆ. ಬೇಸಿಗೆಯ ಸಂಜೆ ಕಾರಟಗಿಯಲ್ಲಿ ಅದು ಸುಲಭವಾಗಿ 45 ಡಿಗ್ರಿ ಇರುತ್ತದೆ. ಬೆಳಿಗ್ಗೆ 27ಕ್ಕೆ ಇಳಿಯಿತು ಎನ್ನಿ. ಮುಚ್ಚಿದ ಪಾತ್ರೆಯ ಗಾಳಿಯ ಒತ್ತಡ ಕೆಲ್ವಿನ್ ಉಷ್ಣತೆಗೆ ತಕ್ಕಂತೆ ಇಳಿಯುತ್ತದೆ. ಡಿಗ್ರಿಗೆ 273 ಕೂಡಿಸಿದರೆ 318 ಮತ್ತು 300. 200ನ್ನು 300ರಿಂದ ಗುಣಿಸಿ 318ರಿಂದ ಭಾಗಿಸಿ, ಸುಮಾರು 189 ಬರುತ್ತದೆ. ಅಂದರೆ ಒಂದು ಹನಿ ಗಾಳಿಯೂ ಸೋರದೆ 11 ಬಾರ್ ಮಾಯವಾಗುತ್ತದೆ. ಉಳಿದ ನಾಲ್ಕರಷ್ಟು ಮಾತ್ರ ನಿಜವಾದ ಸೋರಿಕೆ. ರಾಯಚೂರು, ಬಳ್ಳಾರಿ ಕಡೆಯಿಂದ ಏಪ್ರಿಲ್ ತಿಂಗಳಲ್ಲಿ ನನ್ನ ಬಳಿಗೆ ಬರುವ ಸೋರಿಕೆಯ ದೂರುಗಳಲ್ಲಿ ಹಲವು ಬರೀ ಬಿಸಿಲಿನವು. ತುಂಬಿದ ಮೇಲೆ ಎರಡು ಗಂಟೆ ನೆರಳಿನಲ್ಲಿಟ್ಟು, ಕಡಿಮೆಯಾದಷ್ಟನ್ನು ಮತ್ತೆ ತುಂಬಿ, ಆಮೇಲೆ ಲೆಕ್ಕ ಶುರು ಮಾಡಿ.

ಆದರೆ ನಂತರದ ದಿನಕ್ಕೆ 5 ಬಾರ್ ಬಿಸಿಲಿನದಲ್ಲ. ಪ್ರತಿದಿನ ಒಂದೇ ಹೊತ್ತಿಗೆ ನೋಡಿದ್ದೀರಿ. 200 ಮಿ.ಲೀ. ಸಿಲಿಂಡರಿನಲ್ಲಿ 5 ಬಾರ್ ಎಂದರೆ ಹೊರಗಿನ ಲೆಕ್ಕದಲ್ಲಿ (ಹೊರಗಿನ ಗಾಳಿಯ ಒತ್ತಡ ಸುಮಾರು ಒಂದು ಬಾರ್) ಒಂದು ಲೀಟರ್ ಗಾಳಿ. 24 ಗಂಟೆಗೆ ಹಂಚಿದರೆ ನಿಮಿಷಕ್ಕೆ 0.7 ಮಿ.ಲೀ. ಕಿವಿಗೆ ಕೇಳಿಸುವುದಿಲ್ಲ, ಕೆನ್ನೆಗೆ ತಾಗುವುದಿಲ್ಲ. ಆದರೆ ಸೋಪಿನ ನೀರಿನಲ್ಲಿ ಇದು ಜೋಳದ ಕಾಳಿನಷ್ಟು ದಪ್ಪದ ಗುಳ್ಳೆಗಳಾಗಿ ನಿಮಿಷಕ್ಕೆ ಹತ್ತರಂತೆ ಏಳುತ್ತದೆ. ಕಣ್ಣಿಗೆ ಕಾಣುವ ಸೋರಿಕೆ. ಇದು ಒಳ್ಳೆಯ ಸುದ್ದಿ.

ಇನ್ನೂ ಒಳ್ಳೆಯ ಸುದ್ದಿ ಆ ಎರಡು ವಾರದ ಸಮವೇಗದಲ್ಲಿದೆ. ಸಣ್ಣ ತೂತಿನಿಂದ ಹೊರಬೀಳುವ ಗಾಳಿಯ ಪ್ರಮಾಣ ಅದರ ಹಿಂದಿರುವ ಒತ್ತಡವನ್ನು ಅವಲಂಬಿಸಿರುತ್ತದೆ. ಸಿಲಿಂಡರಿನ ಕುತ್ತಿಗೆಯಲ್ಲೋ ಗೇಜಿನ ಬುಡದಲ್ಲೋ ಸೋರುತ್ತಿದ್ದರೆ, 185 ಬಾರ್ ಇದ್ದಾಗ ದಿನಕ್ಕೆ 5 ಹೋದದ್ದು 120ಕ್ಕೆ ಬರುವ ಹೊತ್ತಿಗೆ 3ರ ಹತ್ತಿರಕ್ಕೆ ಇಳಿಯಬೇಕಿತ್ತು. ನಿಮ್ಮಲ್ಲಿ ಇಳಿದಿಲ್ಲ. ಹಾಗಾದರೆ ಸೋರುವ ಜಾಗದ ಹಿಂದೆ ಒತ್ತಡ ಬದಲಾಗುತ್ತಲೇ ಇಲ್ಲ. ರೈಫಲ್ಲಿನಲ್ಲಿ ಸಿಲಿಂಡರ್ ಖಾಲಿಯಾಗುತ್ತಿದ್ದರೂ ಒತ್ತಡ ಒಂದೇ ಸಮ ಇರುವ ಜಾಗ ಒಂದೇ: ರೆಗ್ಯುಲೇಟರ್ ದಾಟಿದ ಮೇಲಿನ ಕೋಣೆ. ಮ್ಯಾಚ್ ರೈಫಲ್ಲುಗಳಲ್ಲಿ ಅಲ್ಲಿ 70–80 ಬಾರ್ ಇರುವುದು ಸಾಮಾನ್ಯ. ನಿಮ್ಮ ಕಳ್ಳ ಅಲ್ಲೇ ಇದ್ದಾನೆ, ಅಥವಾ ಆ ಕೋಣೆಯ ಬಾಗಿಲಲ್ಲಿದ್ದಾನೆ.

ಹಾಗೆಂದು ನನ್ನ ಮಾತು ನಂಬಿ ಸ್ಕ್ರೂಡ್ರೈವರ್ ಹಿಡಿಯಬೇಡಿ. ರಬ್ಬರ್ ಒಮ್ಮೊಮ್ಮೆ ಲೆಕ್ಕ ಕೇಳುವುದಿಲ್ಲ. ಒತ್ತಡ ಇಳಿದಂತೆ ಸಡಿಲಾಗಿ ಹೆಚ್ಚು ಸೋರುವ ಉಂಗುರಗಳೂ ಇವೆ. ಆದ್ದರಿಂದ ಸಿಲಿಂಡರಿನ ಮೇಲಿನ ಅನುಮಾನವನ್ನು ಮೊದಲು ತೀರಿಸಿಕೊಳ್ಳಿ. ಇದಕ್ಕೆ ನಾನು ಬಳಸುವುದು ಗೇಜಲ್ಲ, ತಕ್ಕಡಿ. ಗೇಜ್ ಬಿಸಿಲಿಗೆ ಸುಳ್ಳು ಹೇಳುತ್ತದೆ, ತೂಕ ಹೇಳುವುದಿಲ್ಲ. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. ಹಾಗಾಗಿ ನಿಮ್ಮ ಸಿಲಿಂಡರಿನಿಂದ ಒಂದು ಬಾರ್ ಹೋದರೆ 0.24 ಗ್ರಾಂ ಹೋಯಿತು. 200 ಬಾರ್ ತುಂಬಿದ ಸಿಲಿಂಡರಿನಲ್ಲಿ ಹೆಚ್ಚುಕಡಿಮೆ 48 ಗ್ರಾಂ ಗಾಳಿ ಇರುತ್ತದೆ. ಗಂಗಾವತಿಯ ಯಾವುದೇ ಬಂಗಾರದ ಅಂಗಡಿಯಲ್ಲಿ 0.01 ಗ್ರಾಂ ತೋರಿಸುವ ತಕ್ಕಡಿ ಇರುತ್ತದೆ. ನಿಮ್ಮ ಸಿಲಿಂಡರಿನ ಭಾರ ತಡೆಯುವಷ್ಟು ದೊಡ್ಡದಿದ್ದರೆ ಸಾಕು. ಸಿಲಿಂಡರನ್ನು ರೈಫಲ್ಲಿನಿಂದ ಬಿಚ್ಚಿ, ಒರೆಸಿ, ತೂಗಿಸಿ. ಎರಡು ದಿನ ಬಿಟ್ಟು ಅದೇ ತಕ್ಕಡಿಯಲ್ಲಿ ಮತ್ತೆ ತೂಗಿಸಿ. ಎರಡೂವರೆ ಗ್ರಾಂ ಕಡಿಮೆಯಾಗಿದ್ದರೆ ಸಿಲಿಂಡರೇ ಸೋರುತ್ತಿದೆ, ನನ್ನ ಊಹೆ ತಪ್ಪು. ಕಡಿಮೆಯಾಗದಿದ್ದರೆ ಸಿಲಿಂಡರ್ ನಿರ್ದೋಷಿ. ಅಕ್ಕಸಾಲಿಗರು ನಗಬಹುದು. ನನ್ನ ಪರಿಚಯದ ಒಬ್ಬರು ಮೊದಲ ಸಲ ನಕ್ಕು, ಎರಡನೆಯ ಸಲ ತಾವೇ ಚೀಟಿ ತೆಗೆದು ಹಿಂದಿನ ತೂಕ ಓದಿ ಹೇಳಿದರು.

ಸಿಲಿಂಡರ್ ಬಿಚ್ಚುವಾಗ ಒಂದು ಎಚ್ಚರ. ಕೈಯಿಂದ ತಿರುಗಬೇಕು. ಒಂದೆರಡು ಸುತ್ತಿಗೆ ಉಸ್ ಎಂದು ಸ್ವಲ್ಪ ಗಾಳಿ ಬರುವುದು ಸಹಜ, ನಡುವೆ ಉಳಿದದ್ದು ಹೊರಗೆ ಹೋಗುತ್ತದೆ. ಕೈಗೆ ಬಗ್ಗದಿದ್ದರೆ ಪಾನಾ ಹಾಕಬೇಡಿ. ಒಳಗಿನ ಒತ್ತಡ ಇನ್ನೂ ತಿರುಪಿನ ಮರೆಯನ್ನು ಹಿಡಿದುಕೊಂಡಿದೆ ಎಂದು ಅದರ ಅರ್ಥ. ಸಿಲಿಂಡರಿನ ಕುತ್ತಿಗೆಯ ವಾಲ್ವನ್ನು ಮನೆಯಲ್ಲಿ ಬಿಚ್ಚುವ ಮಾತೇ ಬೇಡ. ಸಿಲಿಂಡರಿನ ಮೇಲೆ ಕೊರೆದಿರುವ ದಿನಾಂಕವನ್ನೂ ಈಗಲೇ ಓದಿ. ಹಳೆಯ ರೈಫಲ್ ಕೊಳ್ಳುವವರು ನಳಿಕೆಯನ್ನು ಹತ್ತು ಸಲ ನೋಡುತ್ತಾರೆ, ಇದನ್ನು ಒಮ್ಮೆಯೂ ನೋಡುವುದಿಲ್ಲ. ಮ್ಯಾಚ್ ರೈಫಲ್ ತಯಾರಕರಲ್ಲಿ ಹಲವರು ಸಿಲಿಂಡರಿಗೆ 10 ವರ್ಷದ ಆಯುಷ್ಯ ಹೇಳುತ್ತಾರೆ. ಅವಧಿ ಮುಗಿದಿದ್ದರೆ ಸೋರಲಿ ಬಿಡಲಿ, ಅದನ್ನು ತುಂಬಬಾರದು.

ಸಿಲಿಂಡರ್ ಪಾಸಾಯಿತು ಎಂದುಕೊಳ್ಳೋಣ. ಮತ್ತೆ ರೈಫಲ್ಲಿಗೆ ಕೂಡಿಸಿ, ಮರದ ಹಿಡಿ ಬಿಚ್ಚಿಡಿ. ಬೋಲ್ಟ್ (ಗುಂಡು ಹಾಕುವ ಜಾಗದ ಮುಚ್ಚಳ) ತೆರೆದು ಒಳಗೆ ಪೆಲೆಟ್, ಅಂದರೆ ಏರ್ ರೈಫಲ್ಲಿನ ಸಣ್ಣ ಗುಂಡು, ಇಲ್ಲ ಎಂದು ಕಣ್ಣಿನಿಂದ ನೋಡಿ, ನಿಮ್ಮ ಮಗಳಿಂದಲೂ ನೋಡಿಸಿ. ಈಗ ಸೋಪಿನ ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಸೋಪು ಅದರಲ್ಲಿ ಒಡೆದು ಬಿಳಿ ಕೆನೆಯಾಗುತ್ತದೆಯೇ ಹೊರತು ನೊರೆ ನಿಲ್ಲುವುದಿಲ್ಲ. ಬ್ಯಾಟರಿಗೆ ಹಾಕುವ ನೀರಿನಲ್ಲಿ ಮಕ್ಕಳ ಶಾಂಪೂ ಕಲಸಿ. ಅಂಟುವಾಳದ ಕಾಯಿ ನೆನೆಸಿದ ನೀರು ಇನ್ನೂ ಚೆನ್ನು, ಗಡಸು ನೀರಿನಲ್ಲೂ ಅದರ ನೊರೆ ನಿಲ್ಲುತ್ತದೆ. ಸಣ್ಣ ಬ್ರಷ್ಷಿನಿಂದ ಹಚ್ಚಿ, ಕಾಯಿರಿ. ನಿಮಿಷಕ್ಕೆ ಹತ್ತು ಗುಳ್ಳೆ ಎಂದಿದ್ದೇನೆ, ಹಚ್ಚಿದ ಕೂಡಲೇ ಏನೂ ಕಾಣದೆ ಹೋಗಬಹುದು. ಕೆಲಸ ಮುಗಿದ ಮೇಲೆ ಪೂರ್ತಿ ಒರೆಸಿ ಒಣಗಿಸಿ.

ಮೊದಲು ನೋಡಬೇಕಾದದ್ದು ಹೊಡೆಯುವ ವಾಲ್ವ್. ಹ್ಯಾಮರ್ ಬಡಿದಾಗ ತೆರೆದುಕೊಂಡು ಪೆಲೆಟ್ಟಿನ ಹಿಂದೆ ಗಾಳಿ ಬಿಡುವುದು ಅದೇ. ಅದು ಸರಿಯಾಗಿ ಮುಚ್ಚದಿದ್ದರೆ ಗಾಳಿ ನಳಿಕೆಯ ದಾರಿಯಲ್ಲೇ ಹೊರಗೆ ಹೋಗುತ್ತದೆ. ನಳಿಕೆಯ ಬಾಯಿಗೆ ಬೆರಳಿಟ್ಟು ನೋಡುವವರನ್ನು ಕಂಡಿದ್ದೇನೆ. ಖಾಲಿ ಎಂದು ಗೊತ್ತಿದ್ದರೂ ಆ ಅಭ್ಯಾಸ ಬೇಡ. ಬೋಲ್ಟ್ ತೆರೆದೇ ಇಟ್ಟು, ಗಾಳಿ ಬರುವ ಸಣ್ಣ ತೂತಿನ ಮೇಲೆ ನೊರೆಯ ಒಂದು ಪೊರೆ ಕೂಡಿಸಿ. ಪೊರೆ ಉಬ್ಬಿ ಒಡೆದು ಮತ್ತೆ ಉಬ್ಬಿದರೆ ಕಳ್ಳ ಸಿಕ್ಕ.

ಈ ವಾಲ್ವಿನ ಸೋರಿಕೆಗೆ ನಮ್ಮ ಸೀಮೆಯಲ್ಲಿ ಧೂಳೇ ಮುಖ್ಯ ಕಾರಣ. ಸಂಡೂರಿನ ಕಡೆಯವರ ರೈಫಲ್ಲಿನಲ್ಲಿ ಕೆಂಪು ಅದಿರಿನ ಪುಡಿ, ನಿಮ್ಮ ಕಾರಟಗಿ, ಸಿಂಧನೂರು ಕಡೆಯವರದ್ದರಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ, ರಾಯಚೂರಿನವರದ್ದರಲ್ಲಿ ಹತ್ತಿಯ ಎಳೆ. ಬಿಚ್ಚಿದಾಗ ಊರು ಹೇಳಬಹುದು. ಪಂಪಿನ ಮೆದುಗೊಳವೆಯ ಬಾಯಿಯನ್ನು ನೆಲದ ಮೇಲೆ ಇಟ್ಟು, ಒರೆಸದೆ ಕೂಡಿಸಿದರೆ ಇದೆಲ್ಲ ನೇರ ಒಳಗೆ. ಒಂದು ಕಣ ಸೀಟಿನ ಮೇಲೆ, ಅಂದರೆ ವಾಲ್ವ್ ಒತ್ತಿ ಮುಚ್ಚುವ ಜಾಗದ ಮೇಲೆ, ಕೂತರೆ ಸಾಕು. ಮೊದಲ ಉಪಾಯ ಖರ್ಚಿಲ್ಲದ್ದು: ಸುರಕ್ಷಿತ ಗುರಿಯ ಕಡೆ ಹತ್ತಿಪ್ಪತ್ತು ಗುಂಡು ನಿಜವಾಗಿ ಹೊಡೆಯುವುದು. ಗಾಳಿಯೇ ಕಣವನ್ನು ಹೊತ್ತೊಯ್ಯುವುದುಂಟು. ಮ್ಯಾಚ್ ರೈಫಲ್ಲಿನ ಒಣ ಅಭ್ಯಾಸದ (ಗುಂಡು, ಗಾಳಿ ಇಲ್ಲದೆ ಟ್ರಿಗರ್ ಒತ್ತುವ) ವ್ಯವಸ್ಥೆಯಲ್ಲಿ ವಾಲ್ವ್ ತೆರೆಯುವುದೇ ಇಲ್ಲ, ಹಾಗಾಗಿ ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ಅಷ್ಟಕ್ಕೂ ನಿಲ್ಲದಿದ್ದರೆ ವಾಲ್ವಿನ ಪ್ಲಾಸ್ಟಿಕ್ ತಲೆ ಬದಲಿಸಬೇಕು. ಹಿತ್ತಾಳೆಯ ಸೀಟಿಗೆ ಎಮರಿ ಪೇಸ್ಟ್ ಹಾಕಿ ಉಜ್ಜುವ ಚಟ ಎಂಜಿನ್ ಮೆಕ್ಯಾನಿಕ್‌ಗಳಿಗೆ ಇದೆ. ಅದು ಎಂಜಿನ್ನಿಗೆ ಸರಿ. ಇಲ್ಲಿ ಆ ಪುಡಿ ಪ್ಲಾಸ್ಟಿಕ್ಕಿನಲ್ಲಿ ಹುದುಗಿಕೊಂಡು ಜನ್ಮಪೂರ್ತಿ ಗೀರುತ್ತದೆ.

ನಳಿಕೆಯಲ್ಲಿ ಗುಳ್ಳೆ ಇಲ್ಲವೇ? ಆಗ ರೆಗ್ಯುಲೇಟರಿನ ಉಸಿರುಗಂಡಿ. ಇದನ್ನು ಅರ್ಥ ಮಾಡಿಕೊಳ್ಳಲು ಒಳಗಿನ ಕೆಲಸ ಸ್ವಲ್ಪ ತಿಳಿಯಬೇಕು. ರೆಗ್ಯುಲೇಟರ್ ಎಂದರೆ ಒಂದು ಟೊಳ್ಳು ಪಿಸ್ಟನ್. ಒಂದು ತುದಿ ಸಣ್ಣ ಕಾಂಡ, ಇನ್ನೊಂದು ತುದಿ ಅಗಲವಾದ ತಲೆ. ನಡುವೆ ತಟ್ಟೆಯಾಕಾರದ ಸ್ಪ್ರಿಂಗುಗಳ ಸಾಲು ಪಿಸ್ಟನ್ನನ್ನು ಸೀಟಿನಿಂದ ದೂರ ತಳ್ಳುತ್ತಿರುತ್ತದೆ. ಸಿಲಿಂಡರಿನ ಗಾಳಿ ಕಾಂಡದೊಳಗಿಂದ ಹಾದು ತಲೆಯ ಕಡೆಯ ಕೋಣೆ ತುಂಬುತ್ತದೆ. ಅಲ್ಲಿ 75 ಬಾರ್ ಆದ ಕೂಡಲೇ ಅಗಲವಾದ ತಲೆಯ ಮೇಲಿನ ಒತ್ತು ಸ್ಪ್ರಿಂಗನ್ನು ಗೆದ್ದು, ಕಾಂಡದ ತುದಿಯನ್ನು ಸೀಟಿಗೆ ಅದುಮಿ, ಬಾಗಿಲು ಮುಚ್ಚುತ್ತದೆ. ಗುಂಡು ಹಾರಿತು, ಒತ್ತಡ ಇಳಿಯಿತು, ಬಾಗಿಲು ತೆರೆಯಿತು. ಇಷ್ಟೇ. ಸ್ಪ್ರಿಂಗುಗಳಿರುವ ಜಾಗದಲ್ಲಿ ಹೊರಗಿನ ವಾತಾವರಣದ ಒತ್ತಡವೇ ಇರಬೇಕು, ಅದಕ್ಕಾಗಿ ಒಂದು ಸೂಜಿಗಣ್ಣಿನಷ್ಟು ಗಂಡಿ. ಕಾಂಡದ ಓ-ರಿಂಗ್ (ರಬ್ಬರ್ ಉಂಗುರ) ಹೋದರೂ ತಲೆಯ ಓ-ರಿಂಗ್ ಹೋದರೂ ಗಾಳಿ ಆ ಗಂಡಿಯಿಂದಲೇ ಬರುತ್ತದೆ. ಯಾವುದು ಹೋಗಿದೆ ಎಂದು ಕೇಳಿದರೆ ಮತ್ತೆ ನಿಮ್ಮ ಚೀಟಿ ನೋಡಬೇಕು. ಕಾಂಡದ ಉಂಗುರದ ಹಿಂದೆ ಸಿಲಿಂಡರಿನ ಪೂರ್ತಿ ಒತ್ತಡ, ತಲೆಯ ಉಂಗುರದ ಹಿಂದೆ ಸ್ಥಿರ ಒತ್ತಡ. ನಿಮ್ಮದು ಸ್ಥಿರ, ಹಾಗಾಗಿ ಗಂಡಿಯಲ್ಲಿ ಗುಳ್ಳೆ ಕಂಡರೆ ತಲೆಯ ಉಂಗುರ.

ಹಳೆಯ ರೈಫಲ್ಲಾದ್ದರಿಂದ ಇನ್ನೊಂದು ಮಾತು. ಕೆಲವು ವರ್ಷಗಳ ಹಿಂದೆ ಬಳ್ಳಾರಿಯಿಂದ ಒಂದು ರೈಫಲ್ ಬಂತು. ಸೋರಿಕೆ ನಿಂತಿದೆ, ಆದರೆ ಗುಂಡಿನ ವೇಗ ಹುಚ್ಚುಹುಚ್ಚಾಗಿದೆ ಎಂದು ದೂರು. ಹಿಡಿ ಬಿಚ್ಚಿ ನೋಡಿದರೆ ಯಾರೋ ಪುಣ್ಯಾತ್ಮರು ಉಸಿರುಗಂಡಿಗೆ ಎಪಾಕ್ಸಿ ಅಂಟು ಮೆತ್ತಿದ್ದರು. ಗಾಳಿ ಹೊರಗೆ ಬರುವ ತೂತು ಮುಚ್ಚಿದರೆ ಸೋರಿಕೆ ನಿಲ್ಲಲೇಬೇಕಲ್ಲ! ಆದರೆ ಸೋರಿದ ಗಾಳಿ ಸ್ಪ್ರಿಂಗುಗಳ ಜಾಗದಲ್ಲಿ ತುಂಬಿಕೊಂಡು ಸ್ಪ್ರಿಂಗಿಗೆ ಕೈಜೋಡಿಸುತ್ತದೆ, ಬಾಗಿಲು ತಡವಾಗಿ ಮುಚ್ಚುತ್ತದೆ, ಮುಂದಿನ ಕೋಣೆಯ ಒತ್ತಡ ಏರುತ್ತದೆ. ಬಿಚ್ಚುವವರಿಗೂ ಅಪಾಯ, ಖಾಲಿ ಎಂದುಕೊಂಡ ಜಾಗದಲ್ಲಿ ಒತ್ತಡ ಕಾದಿರುತ್ತದೆ. ನಿಮ್ಮ ರೈಫಲ್ಲಿನ ಗಂಡಿ ತೆರೆದಿದೆಯೇ ನೋಡಿ.

ಉಳಿದ ಕೀಲುಗಳು, ಗೇಜಿನ ಬುಡ, ಸಿಲಿಂಡರ್ ಕೂಡುವ ಮರೆಯ ಓ-ರಿಂಗ್, ಇವಕ್ಕೂ ನೊರೆ ಹಚ್ಚಿ ಬಿಡಿ, ಎರಡು ನಿಮಿಷದ ಕೆಲಸ. ನಾನು ರಾಯಚೂರಿನಲ್ಲಿ ವಿದ್ಯುತ್ ಸ್ಥಾವರದ ಉಪಕರಣ ವಿಭಾಗದಲ್ಲಿ ಕೆಲಸ ಕಲಿತವನು. ಅಲ್ಲಿ ಉಪಕರಣಗಳಿಗೆ ಸಂಕೇತ ಗಾಳಿಯ ಒತ್ತಡದಲ್ಲೇ ಹೋಗುತ್ತಿತ್ತು, 0.2ರಿಂದ 1 ಬಾರ್, ಸೋರಿಕೆ ಹುಡುಕುವುದೇ ದಿನದ ಕಾಯಕ. ಅಷ್ಟಿದ್ದರೂ ನನ್ನ ಮೊದಲ ಏರ್ ರೈಫಲ್ಲಿನಲ್ಲಿ ಎರಡು ದಿನ ಕೂತು ರೆಗ್ಯುಲೇಟರಿನ ಎಲ್ಲ ಉಂಗುರ ಬದಲಿಸಿದೆ. ಸೋರುತ್ತಿದ್ದದ್ದು ಗೇಜಿನ ಬುಡ. ಹಾಗಾಗಿ ಈ ಎರಡು ನಿಮಿಷ ಬಿಡಬೇಡಿ.

ಈಗ ಎರಡನೆಯ ಕಾಯಿಲೆ, ಊಟದ ನಂತರದ ಮೊದಲ ಗುಂಡು. ಇದು ಹೊರಗಿನ ಸೋರಿಕೆಯಲ್ಲ, ಸೋಪಿನ ನೀರಿಗೆ ಸಿಗುವುದಿಲ್ಲ. ರೆಗ್ಯುಲೇಟರಿನ ಬಾಗಿಲು ಮುಚ್ಚಿದರೂ ಸೀಟಿನ ಮೇಲಿನ ಒಂದು ಗೀರಿನಿಂದಲೋ ಕಣದಿಂದಲೋ ಗಾಳಿ ಕೂದಲೆಳೆಯಷ್ಟು ನುಸುಳುತ್ತಲೇ ಇರುತ್ತದೆ. ಸತತವಾಗಿ ಹೊಡೆಯುತ್ತಿದ್ದಾಗ ಅದಕ್ಕೆ ಸಮಯ ಸಿಗುವುದಿಲ್ಲ. ಒಂದು ಗಂಟೆ ಬಿಟ್ಟರೆ ಕೋಣೆಯ ಒತ್ತಡ ನಿಗದಿಗಿಂತ ಮೇಲಕ್ಕೆ ತೆವಳುತ್ತದೆ. ಗುಂಡಿನ ವೇಗ ಸೆಕೆಂಡಿಗೆ 172 ಮೀಟರ್ ಇದ್ದದ್ದು 180 ಆಯಿತು ಎನ್ನಿ, 10 ಮೀಟರಿನಲ್ಲಿ ಅದು ಸುಮಾರು 1.4 ಮಿ.ಮೀ. ಮೇಲೆ ಬೀಳುತ್ತದೆ. ಬೇರೆ ಆಟದಲ್ಲಿ ಇದು ಏನೂ ಅಲ್ಲ. ಇಲ್ಲಿ ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲವೇ 0.5 ಮಿ.ಮೀ., ದಶಾಂಶದ ಲೆಕ್ಕದಲ್ಲಿ 0.25 ಮಿ.ಮೀ.ಗೆ 0.1 ಅಂಕ. ಅರ್ಧ ಅಂಕ ಹೋಯಿತು. ಹುಡುಗಿ ತನ್ನ ಉಸಿರಾಟದ ತಪ್ಪು ಎಂದುಕೊಂಡಿರುತ್ತಾಳೆ. ಅವಳ ತಪ್ಪಲ್ಲ ಎಂದು ಹೇಳಿ.

ಎರಡೂ ಕಾಯಿಲೆ ಒಟ್ಟಿಗಿರುವಾಗ ಒಂದು ಮೋಜು ನಡೆಯುತ್ತದೆ. ಕೋಣೆಗೆ ಒಳಗಿನಿಂದ ನುಸುಳುವ ಗಾಳಿಯ ಒಂದು ಪಾಲನ್ನು ಹೊರಗಿನ ಸೋರಿಕೆ ಖಾಲಿ ಮಾಡುತ್ತಿರುತ್ತದೆ. ನೀವು ಹೊರಗಿನ ಸೋರಿಕೆಯನ್ನು ಚೆನ್ನಾಗಿ ನಿಲ್ಲಿಸಿದ ಮರುದಿನ ಮೊದಲ ಗುಂಡು ಇನ್ನೂ ಮೇಲಕ್ಕೆ ಹೋಗಬಹುದು. ರಿಪೇರಿ ಕೆಟ್ಟಿತು ಎಂದು ಜಗಳಕ್ಕೆ ಹೋಗಬೇಡಿ. ಸೀಟಿನ ದೋಷ ಈಗ ಪೂರ್ತಿ ಕಾಣುತ್ತಿದೆ, ಅಷ್ಟೇ. ಆದ್ದರಿಂದ ನಿಮ್ಮ ರೈಫಲ್ಲಿನಲ್ಲಿ ತಲೆಯ ಉಂಗುರಕ್ಕಾಗಿ ರೆಗ್ಯುಲೇಟರ್ ಬಿಚ್ಚುವುದಾದರೆ ಸೀಟನ್ನೂ ಅದೇ ಸಲ ಬದಲಿಸಿ. ಮೆಕ್ಯಾನಿಕ್ ಹೇಳಿದಂತೆ ಇಡೀ ರೆಗ್ಯುಲೇಟರ್ ಬದಲಿಸಬೇಕಾದದ್ದು ಪಿಸ್ಟನ್ನಿನ ತುದಿಯೋ ಸುತ್ತಲಿನ ಗೋಡೆಯೋ ಆಳವಾಗಿ ಗೀರಿದ್ದರೆ ಮಾತ್ರ. ಅದನ್ನು ಬಿಚ್ಚದೆ ಯಾರೂ ಹೇಳಲಾರರು. ಅವರು ಬಿಚ್ಚಿದ್ದರೇ?

ಯಾರು ಬಿಚ್ಚಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ: ಸಿಲಿಂಡರ್ ಕೂಡುವ ಜಾಗದ ಉಂಗುರವನ್ನು ನೀವೇ ಬದಲಿಸಿ. ಹೊಡೆಯುವ ವಾಲ್ವನ್ನು ತಯಾರಕರ ಕೈಪಿಡಿ ಮುಂದಿಟ್ಟುಕೊಂಡು ತಾಳ್ಮೆ ಇರುವವರು ಮಾಡಬಹುದು. ರೆಗ್ಯುಲೇಟರನ್ನು ಈ ಕೆಲಸ ತಿಳಿದವರ ಎದುರಿಗೇ ಮಾಡಿಸಿ. ಯಾರೇ ಮಾಡಲಿ, ಸಿಲಿಂಡರ್ ತೆಗೆದ ಮೇಲೂ ಕೋಣೆಯಲ್ಲಿ ಗಾಳಿ ಉಳಿದಿರುತ್ತದೆ. ಪೆಲೆಟ್ ಇಲ್ಲದೆ, ಸುರಕ್ಷಿತ ದಿಕ್ಕಿಗೆ, ಶಬ್ದ ಪೂರ್ತಿ ಸಾಯುವವರೆಗೆ ಹೊಡೆದು ಖಾಲಿ ಮಾಡಬೇಕು. ತಟ್ಟೆ ಸ್ಪ್ರಿಂಗುಗಳನ್ನು ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದು ತಟ್ಟೆ ಮಗುಚಿ ಕೂತರೂ ಒತ್ತಡ ಬೇರೆಯೇ ಆಗುತ್ತದೆ.

ಉಂಗುರಗಳ ಬಗ್ಗೆ. ತಯಾರಕರ ಸೀಲ್ ಕಿಟ್ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ಪಂಪ್‌ಸೆಟ್ ಅಂಗಡಿಯ ಮೆತ್ತನೆಯ ಉಂಗುರ ಹಾಕಬೇಡಿ, 200 ಬಾರ್ ಅದನ್ನು ಸಂದಿಗೆ ತಳ್ಳಿ ಕಚ್ಚಿಹಾಕುತ್ತದೆ. ಗಣಿಗಳ ದೆಸೆಯಿಂದ ಬಳ್ಳಾರಿಯಲ್ಲಿ ಜೆಸಿಬಿ, ಟಿಪ್ಪರುಗಳ ಹೈಡ್ರಾಲಿಕ್ ಅಂಗಡಿಗಳು ಇವೆ. ಅಲ್ಲಿ 90 ಶೋರ್ ಗಡಸುತನದ ನೈಟ್ರೈಲ್ ಉಂಗುರ ಕೇಳಿ, ಒಳ ವ್ಯಾಸ ಮತ್ತು ದಪ್ಪ ಎರಡನ್ನೂ ಅಳತೆ ಮಾಡಿಸಿ. ಹಚ್ಚುವುದು ಶುದ್ಧ ಸಿಲಿಕೋನ್ ಗ್ರೀಸು, ಹೊಳಪು ಬರುವಷ್ಟೇ. ಹೊಲಿಗೆ ಯಂತ್ರದ ಎಣ್ಣೆ, ಸ್ಪ್ರೇ ಎಣ್ಣೆ ಒಳಗೆ ಹೋಗಬಾರದು. ಹಳೆಯ ಬನಿಯನ್ ಬಟ್ಟೆಯಿಂದ ಒರೆಸಬೇಡಿ. ಉಂಗುರದ ಅಡ್ಡಕ್ಕೆ ಬಿದ್ದ ಒಂದು ಹತ್ತಿ ಎಳೆ ಗಾಳಿಗೆ ರಾಜಮಾರ್ಗ.

ಪಂಪಿನ ಸುಸ್ತಿಗೆ ನನ್ನ ಬಳಿ ಮದ್ದಿಲ್ಲ, ಆದರೆ ವೇಗವಾಗಿ ಹೊಡೆಯಬೇಡಿ. 30 ಡಿಗ್ರಿ ಬಿಸಿ, ಶೇ 60ರಷ್ಟು ತೇವ ಇರುವ ದಿನ ಒಂದು ಪೂರ್ತಿ ತುಂಬಿಗೆ ಪಂಪು ಎಳೆದುಕೊಳ್ಳುವ 40 ಲೀಟರ್ ಗಾಳಿಯಲ್ಲಿ ಮುಕ್ಕಾಲು ಗ್ರಾಂ ಹತ್ತಿರ ನೀರಿರುತ್ತದೆ. ಪಂಪು ಬಿಸಿಯಾದಷ್ಟೂ ಆ ನೀರು ಆವಿಯಾಗಿಯೇ ಸಿಲಿಂಡರಿಗೆ ಹೋಗಿ, ಅಲ್ಲಿಂದ ಒಳಗಿನ ಲೋಹದ ಭಾಗಗಳ ತುಕ್ಕಾಗುತ್ತದೆ. 50 ಸಲ ಹೊಡೆದು ಐದು ನಿಮಿಷ ನಿಲ್ಲಿಸಿ, ನೀರು ಬಿಡುವ ಸ್ಕ್ರೂ ತೆರೆದು ಮುಚ್ಚಿ.

ಎಲ್ಲ ಕೂಡಿಸಿದ ಮೇಲೆ ಒಮ್ಮೆಲೇ 200 ಬೇಡ. ಸಿಲಿಂಡರಿನಲ್ಲಿ ನೂರರಷ್ಟು ಮಾತ್ರ ಇಟ್ಟು, ಹ್ಯಾಮರ್ ಎಳೆದಿಟ್ಟು ಕೂಡಿಸಿ. ಹ್ಯಾಮರ್ ವಾಲ್ವಿಗೆ ಒರಗಿಕೊಂಡಿದ್ದರೆ ಖಾಲಿ ರೈಫಲ್ ಗಾಳಿ ಹಿಡಿಯದೆ ಉಸ್ಸೆನ್ನುತ್ತದೆ, ಜನ ಸುಮ್ಮನೆ ಹೆದರುತ್ತಾರೆ. ನೊರೆ ಹಚ್ಚಿ ನೋಡಿ, ಆಮೇಲೆ ಪೂರ್ತಿ ತುಂಬಿ. ಒಂದು ವಾರ ಬೆಳಿಗ್ಗೆ ಅದೇ ಹೊತ್ತಿಗೆ ಗೇಜ್ ಬರೆದಿಡಿ. ಹೊಸ ಸೀಟು ಹಾಕಿಸಿದ್ದರೆ ಅದು ಕೂರುವವರೆಗೆ ಸ್ವಲ್ಪ ತೆವಳುವುದು ಸಹಜ. ನೂರು ಗುಂಡಾದ ಮೇಲೆ ನಿಮ್ಮ ಮಗಳು ಸತತವಾಗಿ ಹತ್ತು ಹೊಡೆದು, ಒಂದು ಗಂಟೆ ಬಿಟ್ಟು, ಹನ್ನೊಂದನೆಯದನ್ನು ಬೇರೆ ಕಾಗದಕ್ಕೆ ಹೊಡೆಯಲಿ. ಆ ಎರಡು ಕಾಗದ, ವಾರದ ಅಂಕಿಗಳು, ನೊರೆ ಎಲ್ಲಿ ಎದ್ದಿತು ಎಂಬ ಒಂದು ಸಾಲು, ಇಷ್ಟು ಕಳುಹಿಸಿ.